ಸಣ್ಣ ಮಣಿಕಟ್ಟಿನ ದಾರಿ

ನಮ್ಮ ಮೇಡಂ ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಹಬೆಗೆ ಹಿಡಿದ ಬಿಸಿ ಕೊಳವೆಗಳನ್ನು ವರ್ಷಗಟ್ಟಲೆ ಬರಿಗೈಯಲ್ಲಿ ಬಗ್ಗಿಸಿ, ಅಲ್ಲಿನ ಚರ್ಮ ಮೇಣ ಸವರಿದಂತೆ ನುಣ್ಣಗಾಗಿತ್ತು. ಹಾಜರಿ ಯಂತ್ರ ಅವರನ್ನು ಗುರುತಿಸಲು ಒಪ್ಪುತ್ತಲೇ ಇರಲಿಲ್ಲ. "ಇನ್ನೊಂದ್ಸಲ ಒತ್ತಿ ಮೇಡಂ," ಎನ್ನುತ್ತಿದ್ದ ಸೆಕ್ಯುರಿಟಿಯವನು. "ಬಿಡಪ್ಪ, ನಾನ್ ಬಂದಿದೀನಿ ಅಂತ ನಿಂಗೆ ಗೊತ್ತಾಯ್ತಲ್ಲ, ಸಾಕು," ಎಂದು ನಗುತ್ತಾ ಒಳಗೆ ಹೋಗುತ್ತಿದ್ದರು.

ಯಲಹಂಕದ ಅಂಚಿನಲ್ಲಿದ್ದ ಸಣ್ಣ ಕಂಪನಿ ನಮ್ಮದು. ಮಣಿಕಟ್ಟಿನ ರಕ್ತನಾಳದೊಳಗಿಂದ ಹೃದಯದವರೆಗೆ ಹೋಗುವ ತೆಳ್ಳನೆಯ ಕೊಳವೆಗಳನ್ನು, ಅಂದರೆ ಕ್ಯಾತೆಟರ್‌ಗಳನ್ನು, ಅಲ್ಲಿ ವಿನ್ಯಾಸ ಮಾಡುತ್ತಿದ್ದೆವು. ವಿನ್ಯಾಸ ವಿಭಾಗಕ್ಕೆ ಮೇಡಂ ಮುಖ್ಯಸ್ಥೆ. ಹೆಬ್ಬಾಳದಿಂದಾಚೆ ಮೇಲ್ಸೇತುವೆ ಕಟ್ಟುತ್ತಿದ್ದ ದಿನಗಳವು. ಮೈಯೆಲ್ಲ ಧೂಳು ಮಾಡಿಕೊಂಡು ನಾನು ಸಂದರ್ಶನಕ್ಕೆ ಹೋಗಿದ್ದೆ. ಅಂಕಪಟ್ಟಿಗಳನ್ನು ಮುಂದಿಟ್ಟರೆ ಅವರು ಅತ್ತ ನೋಡಲೇ ಇಲ್ಲ.

"ಕೈ ಕೊಡಿ ಇಲ್ಲಿ," ಎಂದರು. ನಾನು ತಬ್ಬಿಬ್ಬಾದೆ. "ಹೆದರ್ಬೇಡಿ, ಭವಿಷ್ಯ ಏನ್ ಹೇಳಲ್ಲ."

ನನ್ನದೇ ಬೆರಳನ್ನು ನನ್ನ ನಾಡಿಯ ಮೇಲಿಟ್ಟರು. "ಇದೇ ಬಾಗಿಲು. ಇಲ್ಲಿಂದ ಒಳಗ್ ಹೋಗಿ ಎದೆವರ್ಗೂ ಮುಟ್ಟಿ ವಾಪಸ್ ಬರ್ಬೇಕು. ಮನೆಯೋರಿಗೆ ಗೊತ್ತೇ ಆಗ್ಬಾರ್ದು. ಆ ಥರದ್ದು ಮಾಡೋಕೆ ಇಷ್ಟ ಇದ್ಯಾ?"

ಇಷ್ಟವಿದೆ ಎಂದೆ. ಏನು ಕೇಳಿದರೆಂದು ಪೂರ್ತಿ ಅರ್ಥವಾದದ್ದು ಆಮೇಲೆ.

ಅಬ್ಬಿಗೆರೆ ಅವರ ಹುಟ್ಟೂರು. ಊರು ಬಡಾವಣೆಯಾದ ಮೇಲೂ ತಾಯಿಯೊಂದಿಗೆ ಅಲ್ಲೇ ಇದ್ದರು, ಮದುವೆಯಾಗಿರಲಿಲ್ಲ. ತಾಯಿಗೆ ಒಮ್ಮೆ ಎದೆನೋವು ಬಂದು ಆಂಜಿಯೋಗ್ರಾಂ ಮಾಡಿಸಿದ್ದರು. ವೈದ್ಯರು ಮಣಿಕಟ್ಟಿನಿಂದ ಪ್ರಯತ್ನಿಸಿದರು. ಆದರೆ ಆಕೆಯದು ಗುಬ್ಬಿಯ ಕಾಲಿನಂಥ ಸಣಕಲು ಕೈ. ನಾಳ ಸೆಟೆದುಕೊಂಡು ಕೊಳವೆಯನ್ನು ಗಟ್ಟಿಯಾಗಿ ಹಿಡಿದುಬಿಟ್ಟಿತು. ಆಕೆ ಕೂಗಿಕೊಂಡರು. ಹೇಗೋ ಬಿಡಿಸಿ, ಕೊನೆಗೆ ತೊಡೆಯ ಸಂದಿನಿಂದ ಪರೀಕ್ಷೆ ಮುಗಿಸಬೇಕಾಯಿತು. ಒಮ್ಮೆ ಅವರ ಮನೆಗೆ ಹೋದಾಗ ಆ ತಾಯಿಯೇ ನನಗೆ ಹೇಳಿದ್ದರು: "ಕೈಯೊಳ್ಗೆ ಅಗ್ಗ ಎಳ್ದಂಗಾಯ್ತು ಕಣಪ್ಪ. ಸತ್ರೂ ಇನ್ನೊಂದ್ ಕಿತ ಬ್ಯಾಡ ಅಂದ್ಬುಟ್ಟೆ."

ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಮೇಡಂ ತಲೆ ಎತ್ತಲಿಲ್ಲ.

ಅವರಿಗೆ ಬೇಕಾಗಿದ್ದದ್ದು ಅಂಥ ಕೈಗಳಿಗೆ ಒಗ್ಗುವ, ಇನ್ನೂ ತೆಳುವಾದ ಕೊಳವೆ. ಕಷ್ಟ ಇದ್ದದ್ದೂ ಅಲ್ಲೇ. ಕೊಳವೆಯ ಗೋಡೆ ತೆಳುವಾದಷ್ಟೂ ಅದು ತಿರುವಿನಲ್ಲಿ ಮಡಚಿಕೊಳ್ಳುತ್ತದೆ. ವೈದ್ಯರು ಹೊರಗಿನ ತುದಿಯನ್ನು ತಿರುಗಿಸಿದರೆ ಒಳಗಿನ ತುದಿಯೂ ಅಷ್ಟೇ ತಿರುಗಬೇಕು. ಅದಕ್ಕೆಂದು ಧೂಳು, ಹೊಗೆ ಸುಳಿಯದ ಕ್ಲೀನ್ ರೂಮಿನಲ್ಲಿ ಕೂತು ಆ ಗೋಡೆಯೊಳಗೆ ಕೂದಲಿಗಿಂತ ಸಣ್ಣ ಉಕ್ಕಿನ ತಂತಿಯನ್ನು ಜಡೆಯಂತೆ ಹೆಣೆಯುತ್ತೇವೆ. ಹೆಣಿಗೆ ಬಿಗಿಯಾದರೆ ಕೊಳವೆ ಸೆಡೆಯುತ್ತದೆ, ಸಡಿಲವಾದರೆ ಜೋಲುತ್ತದೆ.

ಪರೀಕ್ಷೆಗೆಂದು ನಮ್ಮಲ್ಲಿ ಬೆಚ್ಚಗಿನ ನೀರು ಹರಿಯುವ ಒಂದು ಕೃತಕ ತೋಳಿತ್ತು. ಮೇಡಂ ಅದರ ನಾಳಗಳನ್ನು ಕಿತ್ತು, ಇನ್ನೂ ಸಣ್ಣವನ್ನು, ಭುಜದ ಬಳಿ ಹಾವಿನಂತೆ ಸುತ್ತಿಕೊಂಡವನ್ನು ಜೋಡಿಸಿದರು. ನಮ್ಮ ಮಾದರಿಗಳೆಲ್ಲ ಅಲ್ಲಿ ಸೋಲತೊಡಗಿದವು. ಕಂಪನಿಯ ಮಾಲೀಕರು ಕೆಟ್ಟವರಲ್ಲ, ಆದರೆ ಬೇಸತ್ತಿದ್ದರು.

"ಇಂಥ ಕೈ ಯಾರಿಗಿರುತ್ತೆ ಮೇಡಂ?"

"ನಮ್ಮಮ್ಮಂಗಿದೆ ಸರ್."



ಕೊನೆಗೊಂದು ಮಾದರಿ ಆ ತೋಳಿನಲ್ಲಿ ಗೆದ್ದಿತು. ದೊಡ್ಡ ಆಸ್ಪತ್ರೆಯೊಂದರಿಂದ ಇಬ್ಬರು ಮೂವರು ವೈದ್ಯರು ನೋಡಲು ಬಂದರು. ಅವರು ಒಪ್ಪಿದರೆ ಕಂಪನಿಗೆ ಉಸಿರು ಬರುತ್ತಿತ್ತು. ಮೊದಲ ಸಲ ತೂರಿಸಿದಾಗ ಕೊಳವೆ ಹೂವಿನ ಹಾಗೆ ಹೋಯಿತು. ವೈದ್ಯರು ತಲೆದೂಗಿದರು, ಮಾಲೀಕರ ಮುಖ ಅರಳಿತು. ಆಗ ಮೇಡಂ, "ಒಂದ್ ನಿಮಿಷ," ಎಂದು ಭುಜದ ತಿರುವಿನಲ್ಲಿ ಅದನ್ನು ಒಂದೇ ಕಡೆಗೆ ತಿರುಗಿಸುತ್ತಾ ಹೋದರು. ಸಣ್ಣಗೆ ಚಟ್ ಎಂದಿತು. ಕೊಳವೆ ನಡುವೆ ಮುರಿದು ಮಡಚಿಕೊಂಡಿತ್ತು.

"ಗಡಿಬಿಡೀಲಿ ಯಾರಾದ್ರೂ ಹಿಂಗೆ ತಿರುಗಿಸೇ ತಿರುಗಿಸ್ತಾರೆ. ಬೆಳಿಗ್ಗೆ ನಾನೇ ಮಾಡಿ ನೋಡ್ದೆ. ಇದನ್ನ ಇನ್ನೂ ಕೊಡೋಕಾಗಲ್ಲ ಡಾಕ್ಟ್ರೇ," ಎಂದರು.

ವೈದ್ಯರು ನಮಸ್ಕಾರ ಹೇಳಿ ಹೊರಟರು. ಮಾಲೀಕರು ಹಲವು ದಿನ ಮೇಡಂ ಜೊತೆ ಮಾತು ಬಿಟ್ಟರು. ನಮ್ಮಲ್ಲಿ ಕೆಲವರು ಬೇರೆ ಕೆಲಸ ನೋಡಿಕೊಂಡರು. ಒಂದು ಸಂಜೆ ಊಟದ ಕೋಣೆಯಲ್ಲಿ ಮೇಡಂ ಒಬ್ಬರೇ ಮುಖಕ್ಕೆ ಸೆರಗು ಹಿಡಿದು ಕೂತಿದ್ದನ್ನು ಕಂಡೆ. ನನ್ನನ್ನು ನೋಡಿ ಮುಖ ಒರೆಸಿಕೊಂಡರು. "ಸರಿ ಮಾಡಿದ್ನೋ ಇಲ್ವೋ ಗೊತ್ತಿಲ್ಲ ಕಣ್ರೀ. ಗೊತ್ತಿದ್ದೂ ಹಾಗೇ ಕೊಟ್ಬಿಡೋಕೆ ಮನಸ್ಸು ಬರ್ಲಿಲ್ಲ, ಅಷ್ಟೇ."

ಒಂದು ವರ್ಷ ಹೆಣೆದೆವು, ಬಿಚ್ಚಿದೆವು. ಕೈಯ ಕಡೆಗೆ ಒತ್ತಾಗಿ, ಹೃದಯದ ಕಡೆಗೆ ಬರಬರುತ್ತಾ ವಿರಳವಾಗಿ ಹೆಣೆದಾಗ ಎರಡೂ ತೊಂದರೆ ನೀಗಿದವು. ಪರೀಕ್ಷೆ, ಪರವಾನಗಿಗಳೆಲ್ಲ ಮುಗಿದ ಮೇಲೆ, ಅಂದು ಎದ್ದುಹೋದ ವೈದ್ಯರಲ್ಲೇ ಒಬ್ಬರು ತಾವಾಗಿ ಫೋನ್ ಮಾಡಿ ಅದನ್ನು ಕೇಳಿ ತರಿಸಿಕೊಂಡರು.

ಮೊದಲ ಬಳಕೆಯ ದಿನ ನಾವಿಬ್ಬರೂ ಆಸ್ಪತ್ರೆಗೆ ಹೋಗಿದ್ದೆವು. ಯಶವಂತಪುರದಲ್ಲಿ ಹೊಲಿಗೆ ಕೆಲಸ ಮಾಡುವ ಸಣಕಲು ಹೆಂಗಸು ಮೇಜಿನ ಮೇಲೆ ಮಲಗಿದ್ದರು. ನಾನು ಪರದೆ ನೋಡುತ್ತಿದ್ದೆ. ಮೇಡಂ ಆಕೆಯ ತಲೆಯ ಬಳಿ ನಿಂತು, ಯಾವ ಊರು, ಏನೇನು ಹೊಲೀತೀರಿ ಎಂದು ಮೆಲ್ಲಗೆ ಮಾತಾಡಿಸುತ್ತಿದ್ದರು. ರವಿಕೆ ತೋಳಿನ ವಿಷಯ ಬಂದಾಗ ಆಕೆ ನಡುವೆ ನಿಲ್ಲಿಸಿ ಕೇಳಿದರು: "ಯಾವಾಗ ಶುರು ಮಾಡ್ತಾರಮ್ಮ?"

"ಮುಗೀತು," ಎಂದರು ವೈದ್ಯರು.

ಮೇಡಂ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರು ಅಷ್ಟು ನಕ್ಕಿದ್ದನ್ನು ನಾನು ಬೇರೆಂದೂ ನೋಡಲಿಲ್ಲ.

ಕೆಲವು ವರ್ಷಗಳ ನಂತರ ಕ್ಯಾನ್ಸರ್ ಅವರನ್ನು ಹಿಡಿಯಿತು. ಕಡೆಯ ಸಲ ನೋಡಲು ಹೋದಾಗ ಮಾತು ಕ್ಷೀಣವಾಗಿತ್ತು, ತಮಾಷೆ ಹೋಗಿರಲಿಲ್ಲ. "ಆಫೀಸಲ್ಲಿ ನನ್ ಫೋಟೋ ಗೀಟೋ ಹಾಕ್ಬೇಡಿ. ಊದಿನಕಡ್ಡಿ ಹೊಗೆ ಕ್ಲೀನ್ ರೂಮಿಗೆ ಆಗಲ್ಲ." ಆ ವಾರವೇ ತೀರಿಕೊಂಡರು. ಫೋಟೋ ಹಾಕಲಿಲ್ಲ.

ಈಗ ಆ ವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ಹೊಸ ವಿನ್ಯಾಸ ಮೊದಲು ಬಳಕೆಯಾಗುವ ದಿನ ತಪ್ಪದೆ ಆಸ್ಪತ್ರೆಗೆ ಹೋಗಿ, ಪರದೆಯ ಕಡೆಗಲ್ಲ, ರೋಗಿಯ ತಲೆಯ ಬಳಿ ನಿಲ್ಲುತ್ತೇನೆ. ಈಚೆಗೆ ಹೆಸರಘಟ್ಟದ ಕಡೆಯ ಅಜ್ಜಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನೂ ಡಾಕ್ಟ್ರೇನಪ್ಪ?" ಎಂದು ಕೇಳಿದರು.

"ಅಲ್ಲಜ್ಜಿ," ಎಂದೆ. "ಇದನ್ನ ಮಾಡಿದೋರ ಕಡೆಯೋನು."