ಮೂರನೆಯ ಲೋಟ

ಸ್ವೀಡನ್ನಿನ ಲಿಂಕೋಪಿಂಗಿನಲ್ಲಿ ನಾನು ಹೋಟೆಲೊಂದರ ಅಡುಗೆ ನೋಡಿಕೊಳ್ಳುತ್ತಿದ್ದಾಗ ನಮ್ಮ ಎದುರುಮನೆಯಲ್ಲಿ ಒಬ್ಬ ಮುದುಕರಿದ್ದರು. ಸೋವಿಯತ್ ಸೈನ್ಯದಲ್ಲಿ ಕರ್ನಲ್ ಆಗಿದ್ದವರು, ಅಫ್ಘಾನಿಸ್ತಾನದಲ್ಲಿ ಕಾದಾಡಿ ಪದಕ ಪಡೆದವರು. ಉಕ್ರೇನಿನ ಮನೆ ಈಗಿನ ಯುದ್ಧದಲ್ಲಿ ಕುಸಿದ ಮೇಲೆ, ಗಂಡನನ್ನು ಕಳೆದುಕೊಂಡ ಮಗಳೊಂದಿಗೆ ಇಲ್ಲಿಗೆ ಬಂದಿದ್ದರು. ನಮ್ಮಿಬ್ಬರದೂ ಅರೆಬರೆ ಸ್ವೀಡಿಷ್. ಅಷ್ಟು ಸಾಕಾಗುತ್ತಿತ್ತು.

ಪದಕಗಳೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಕೇಳಿದರೆ, "ತಗಡು ಕಣಯ್ಯಾ. ನಿನ್ನ ಸೌಟೇ ಮೇಲು, ಹೊಟ್ಟೆಯಾದ್ರೂ ತುಂಬತ್ತೆ" ಎನ್ನುತ್ತಿದ್ದರು. ಭಾನುವಾರ ನಾನು ಚಪಾತಿ ಒಯ್ದರೆ ಪುಟ್ಟ ಲೋಟಗಳಿಗೆ ವೋಡ್ಕಾ ಸುರಿಯುವರು. ಎರಡು ಲೋಟದವರೆಗೆ ಮಾತು, ನಗು. ಆಮೇಲೆ ಮೇಜು ಹಿಡಿದು ಏಳುವರು. "ಮೂರನೆಯದು ನಿಂತು. ಲೋಟ ತಾಗಿಸಬಾರದು." ಅದು ಸತ್ತ ಜೊತೆಗಾರರ ಪಾಲಿನದು.

ಒಂದು ಭಾನುವಾರ ಊಟದ ನಡುವೆ ಫೋನ್ ಬಂತು. ಅಫ್ಘಾನ್ ಬೆಟ್ಟದಲ್ಲಿ ಗುಂಡು ತಗುಲಿ ಬಿದ್ದಿದ್ದ ಇವರನ್ನು ಹೆಗಲ ಮೇಲೆ ಹೊತ್ತು ತಂದಿದ್ದ ಸಿಪಾಯಿ, ರಷ್ಯದ ತನ್ನೂರಿನಲ್ಲಿ ತೀರಿಕೊಂಡಿದ್ದ. ಕರ್ನಲ್ ಮೂರನೆಯ ಲೋಟ ತುಂಬಿ ಎದ್ದರು.

"ಅವನಿಗೆ ಬೇಡಪ್ಪ," ಎಂದಳು ಮಗಳು. "ನನ್ನ ಗಂಡನ್ನ ಕೊಂದ ಸೈನ್ಯದಲ್ಲೇ ಅವನ ಮಗ ಇದಾನೆ."

"ಅವನು ಹೊತ್ತು ತರದಿದ್ರೆ ನೀನೇ ಹುಟ್ತಿರ್ಲಿಲ್ಲ ಮಗಳೇ."

"ಗೊತ್ತು. ಆದ್ರೂ ಬೇಡ."

ಕರ್ನಲ್ ಲೋಟವನ್ನು ಮೇಜಿನ ಮೇಲಿಟ್ಟರು. ಕುಡಿಯಲಿಲ್ಲ, ಕೂರಲೂ ಇಲ್ಲ. ಬರಿಗೈಯಲ್ಲಿ ನಿಂತೇ ಇದ್ದರು. ಚಪಾತಿ ಆರಿಹೋಯಿತು. ಅವರು ಮೇಜಿನ ಅಂಚು ಹಿಡಿದುಕೊಂಡರು. ಕೊನೆಗೆ ಮಗಳು ಎದ್ದು ಲೋಟವನ್ನು ದೂರ ಸರಿಸಿದಳು. ಆಮೇಲೆ ಅಪ್ಪನ ಮೊಣಕೈ ಹಿಡಿದು ಪಕ್ಕದಲ್ಲಿ ನಿಂತಳು.

ನಾನೂ ಎದ್ದು ನಿಂತೆ.