ಗೋಡೆಗೆ ಮುಖ ಮಾಡಿದ ಸವಾರ

ಮರದ ಸವಾರನ ಕುದುರೆಯ ಹಿಂಗಾಲುಗಳಲ್ಲಿ ಒಂದು ಬಿದಿರಿನದು. ಮಿಕ್ಕ ಮೂರು ಕಾಲುಗಳ ಮೇಲೆ ಹಳದಿ ಅರಗಿನ ಬಣ್ಣ ಇನ್ನೂ ಹೊಳೆಯುತ್ತದೆ. ಇದು ಮಾತ್ರ ಬಣ್ಣವಿಲ್ಲದ ಕಡ್ಡಿ. ಈ ಸಲ ದಸರೆಗೆ ಗೊಂಬೆ ಪೆಟ್ಟಿಗೆ ತೆಗೆದಾಗ, ಒಣಗಿದ ಬೇವಿನೆಲೆಗಳ ವಾಸನೆಯ ನಡುವೆ ಮೊದಲು ಕೈಗೆ ಸಿಕ್ಕಿದ್ದು ಅದೇ.

ಅದು ಅಜ್ಜಂಪುರದಲ್ಲಿ ನಮ್ಮ ಎದುರಿಗಿದ್ದ ದಫೇದಾರ್ ತಾತನ ಮನೆಯದು. ಅವರು ಮೈಸೂರಿನ ಕುದುರೆ ಪಡೆಯಲ್ಲಿದ್ದು, ಪಿಂಚಣಿಯ ಮೇಲೆ ಊರಿಗೆ ಬಂದವರು. ಮೀಸೆ ದೊಡ್ಡದು, ದನಿ ಸಣ್ಣದು.

ಬೇರೆ ಮನೆಗಳಲ್ಲಿ ನವರಾತ್ರಿಗೆ ಮೆಟ್ಟಿಲುಗಳ ಮೇಲೆ ಗೊಂಬೆ ಕೂರಿಸಿದರೆ ಮುಗಿಯಿತು. ಅವರ ಮನೆಯಲ್ಲಿ ಪಟ್ಟದ ಗೊಂಬೆಗಳ ಕೆಳಗೆ, ಪಡಸಾಲೆಯ ಉದ್ದಕ್ಕೂ, ಶ್ರೀರಂಗಪಟ್ಟಣದ ಮುತ್ತಿಗೆ ನಡೆಯುತ್ತಿತ್ತು. ಅಜ್ಜಿಯ ಹಳೆಯ ನೀಲಿ ಸೀರೆಯೇ ಕಾವೇರಿ. ಇಟ್ಟಿಗೆಯ ಕೋಟೆ, ಅದರ ಒಂದು ಕಡೆ ಒಡೆದ ಗೋಡೆ. ಮಣ್ಣು ಹರಡಿ ಚೆಲ್ಲಿದ ರಾಗಿ ಮೊಳೆತು ಹಸಿರಾದರೆ ಅದೇ ಬಯಲು. ಸೈನ್ಯ ಬೀದಿಯ ಎಲ್ಲ ಮನೆಗಳಿಂದ ಬರುತ್ತಿತ್ತು... ಮರದ ಸವಾರರು, ಮೂಗು ಹೋದ ಮಣ್ಣಿನ ಸಿಪಾಯಿಗಳು, ತುತ್ತೂರಿ ಊದುವವನೊಬ್ಬ.

ಕೋಟೆ ಕಾಯುವವಳು ನಾನು. ಕುಂಪಣಿಯ ಕಡೆ ಆಡಲು ಯಾರೂ ಒಪ್ಪುತ್ತಿರಲಿಲ್ಲ, ಜವಳಿ ಅಂಗಡಿಯವರ ಮಗಳೊಬ್ಬಳನ್ನು ಬಿಟ್ಟು. "ಗೆಲ್ಲೋ ಕಡೆ ಇರ್ತೀನಪ್ಪ, ನನಗೇನು ನಾಚಿಕೆ? ಏನೇ ಮೇಷ್ಟ್ರ ಮಗಳೇ, ಬಾಗ್ಲು ನೀನೇ ತೆಗೀತೀಯೋ, ನಾನು ಒಡೀಲೋ?" ಎಂದು ಕವಡೆಗಳನ್ನು ಅಂಗೈಯಲ್ಲಿ ಕುಲುಕುತ್ತಿದ್ದಳು. ನನಗೆ ಅವಳಷ್ಟು ಆಪ್ತಳು ಬೇರೆ ಯಾರೂ ಇರಲಿಲ್ಲ.

ಐದು ಕವಡೆ. ಮೂರೋ ಹೆಚ್ಚೋ ಬಾಯಿ ಮೇಲಾಗಿ ಬಿದ್ದರೆ ಎದುರಿನವನು ಸತ್ತಂತೆ. ಆದರೆ ಸತ್ತವನನ್ನು ಮಲಗಿಸುವಂತಿಲ್ಲ. ಹಬ್ಬ ಮುಗಿಯುವ ಮೊದಲು ಗೊಂಬೆ ಮಲಗಿಸಿದರೆ ಮನೆಗೆ ಆಗಿಬರುವುದಿಲ್ಲವೆಂದು ಅಜ್ಜಿ ಹಟ ಹಿಡಿದಿದ್ದರು. ಅದಕ್ಕೇ ತಾತ ಒಂದು ದಾರಿ ಕಂಡುಕೊಂಡಿದ್ದರು: ಬಿದ್ದವನನ್ನು ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸುವುದು. ಮುಂದಿನ ವರ್ಷದ ಆಟಕ್ಕೆ ಅವನು ಮತ್ತೆ ಏಳುತ್ತಾನೆ.

ಒಂದು ವರ್ಷ ಅವರ ಒಬ್ಬನೇ ಮಗ ಅದೇ ಕುದುರೆ ಪಡೆಯ ಜೊತೆ ಮಹಾಯುದ್ಧಕ್ಕೆಂದು ಈಜಿಪ್ಟಿಗೆ ಹೋಗಿದ್ದ. ನಾವೆಲ್ಲ ಅವನನ್ನು ಅಣ್ಣ ಎನ್ನುತ್ತಿದ್ದೆವು. ಬಿದಿರಿನ ಕಾಲಿನ ಕುದುರೆ ಅವನದೇ. ಚಿಕ್ಕವನಿದ್ದಾಗ ತಾನೇ ಮುರಿದು ತಾನೇ ಕಾಲು ಕಟ್ಟಿದ್ದನಂತೆ. ಯುಗಾದಿಯಿಂದೀಚೆಗೆ ಅವನ ಸುದ್ದಿ ಇರಲಿಲ್ಲ.

"ಈ ವರ್ಸ ಬ್ಯಾಡ. ಮಗ ಅಲ್ಲಿರುವಾಗ ಮನೇಲಿ ಯುದ್ಧ ಕಟ್ತಾರಾ ಯಾರಾದ್ರೂ?" ಎಂದರು ಅಜ್ಜಿ.

"ನಿಲ್ಸಿದ್ರೆ ಅವನು ಬರಾಕಿಲ್ಲ ಅಂತ ನಾನೇ ಹೇಳ್ದಂಗಾಯ್ತದೆ ಕಣೇ" ಎಂದರು ತಾತ. ಇಟ್ಟಿಗೆ ಜೋಡಿಸಿದರು. ಆ ಸವಾರನನ್ನು ಎಂದಿನಂತೆ ಒಡೆದ ಗೋಡೆಯ ಬಳಿ, ತಮ್ಮ ಕೈಯಾರೆ ನಿಲ್ಲಿಸಿದರು.

ಆಯುಧಪೂಜೆಯ ಮಧ್ಯಾಹ್ನ ಕುಂಪಣಿ ಕಾವೇರಿ ದಾಟಿತು. ಗೆಳತಿ ಕವಡೆ ಎಸೆದಳು. ನಾಲ್ಕು ಬಾಯಿ ಮೇಲಾಗಿದ್ದವು. ಎದುರಿಗಿದ್ದವನು ಅದೇ ಸವಾರ.

ಯಾವತ್ತೂ ಒಂದು ಎಸೆತ ಬಿಟ್ಟುಕೊಡದವಳು ಮೆಲ್ಲಗೆ, "ಕೈ ಜಾರ್ತು ತಾತ, ಇನ್ನೊಂದ್ಸಲ ಎಸೀತೀನಿ" ಎಂದಳು.

ತಾತ ನನ್ನ ಕಡೆ ನೋಡಿದರು. ಲೆಕ್ಕ ತಪ್ಪದವಳೆಂದು ತೀರ್ಪು ಕೇಳುತ್ತಿದ್ದದ್ದು ನನ್ನನ್ನೇ. "ಹೌದು, ಒಂದು ಕವಡೆ ಚಾಪೆಯಿಂದ ಆಚೆ ಬಿತ್ತು" ಎಂದೆ. ಬಿದ್ದಿರಲಿಲ್ಲ.

"ಇಬ್ರೂ ಸುಳ್ಳು ಹೇಳ್ಬ್ಯಾಡಿ ಕಣ್ರವ್ವಾ. ಬಿದ್ದೋನು ಬಿದ್ದ."

ಅವರೇ ಕುದುರೆಯನ್ನೆತ್ತಿ ಮೂಲೆಯ ಗೋಡೆಯ ಬಳಿಗೆ ಕೊಂಡೊಯ್ದು ತಿರುಗಿಸಿ ನಿಲ್ಲಿಸಿದರು. ಕೈ ಮಾತ್ರ ಅದರ ಬೆನ್ನಿನ ಮೇಲೆಯೇ ಉಳಿಯಿತು... ಒಳಗೆ ರುಬ್ಬುಗುಂಡಿನ ಸದ್ದು ನಿಂತಿತ್ತು. ಅಜ್ಜಿ ಬಾಗಿಲಲ್ಲಿ ನಿಂತು ನೋಡಿ, ಒಳಕ್ಕೆ ಹೋದರು. ಆ ದಿನ ಗೊಂಬೆ ಬಾಗಿನವೆಂದು ಕೈಗೆ ಬಂದ ಕೊಬ್ಬರಿ ಮಿಠಾಯಿಯನ್ನು ನಾವಿಬ್ಬರೂ ತಿನ್ನಲಿಲ್ಲ.

ಮರುದಿನ ವಿಜಯದಶಮಿ. ಸೈನಿಕರನ್ನು ಅವರವರ ಮನೆಗೆ ಹಂಚಲು ನಾವು ಪಡಸಾಲೆಯಲ್ಲಿ ಕೂತಿದ್ದೆವು. ಬಾಗಿಲಲ್ಲಿ ಯಾರೋ ಬಂದು ನಿಂತರು. ಸವೆದ ಕೋಟು, ನುಣ್ಣಗೆ ಬೋಳಿಸಿದ ತಲೆ. ಅಣ್ಣನೆಂದು ಗುರುತು ಹತ್ತಲು ಹೊತ್ತು ಹಿಡಿಯಿತು. ತಿಂಗಳುಗಟ್ಟಲೆ ಜ್ವರದಲ್ಲಿ ಆಸ್ಪತ್ರೆಯಲ್ಲಿದ್ದನಂತೆ. ಅವನು ಬರೆಸಿ ಹಾಕಿದ ಕಾಗದ ಅವನು ಬಂದ ಮೇಲೆ ಬಂತು.

ಅವನು ನೇರವಾಗಿ ಮೂಲೆಯತ್ತ ನೋಡಿದ. "ಏನಪ್ಪಾ, ನನ್ನ ಕುದುರೇನ ಮೂಲೇಲಿ ನಿಲ್ಸಿದ್ದೀಯ? ಏನು ತಪ್ಪು ಮಾಡ್ತು ಅದು?"

ತಾತ ಅದರ ಪಕ್ಕ ಕೂತಲ್ಲಿಂದ ಏಳಲಿಲ್ಲ. "ಬಿತ್ತು ಕಣಪ್ಪ. ನೆನ್ನೆ ಆಟದಾಗೆ ಬಿತ್ತು."

ಅಣ್ಣ ನಗುತ್ತ ಬಗ್ಗಿ ಅದನ್ನು ತಿರುಗಿಸಲು ಹೋದ. ತಾತ ಅವನ ಮಣಿಕಟ್ಟು ಹಿಡಿದರು. "ಮುಟ್ಬ್ಯಾಡ. ಬಿದ್ದೋನು ಮುಂದಿನ ವರ್ಸ ಏಳ್ಬೇಕು." ಹಿಡಿದ ಕೈ ಬಿಡಲೇ ಇಲ್ಲ. ಅಜ್ಜಿ ಒಳಗಿನಿಂದ ಓಡಿ ಬಂದು, ಅತ್ತು, ನೀರು ತಂದು, ಎಲೆ ಹಾಕಿದರು. ಕೊನೆಗೆ, "ಅಯ್ಯೋ, ಕೈ ಬಿಡಿ ಅಂದ್ರೆ! ಅವನು ಉಣ್ಣೋದು ಬ್ಯಾಡವಾ?" ಎಂದು ಗದರಿದಾಗ ಗೆಳತಿ ಕಿಸಕ್ಕನೆ ನಕ್ಕಳು. ಆಮೇಲೆ ನಾವೆಲ್ಲರೂ ನಕ್ಕೆವು. ನಾನು ಮನೆಗೆ ಹೋಗಿ, ಕೇಳಿ ಕೇಳಿ ಅನ್ನ ಹಾಕಿಸಿಕೊಂಡೆನೆಂದು ಅಮ್ಮ ಈಗಲೂ ಹೇಳುತ್ತಾರೆ.

ಮುಂದೆ ನಾನು ಮೈಸೂರಿಗೆ ಓದಲು ಹೋದೆ. ರಜೆಗೆ ಬಂದಾಗಲೆಲ್ಲ ತಾತ, "ಏನವ್ವಾ, ಕಾಲೇಜ್ನಾಗೆ ಕೋಟೆ ಭದ್ರ ಐತಾ?" ಎಂದು ಕೇಳುತ್ತಿದ್ದರು. ಭದ್ರವಾಗಿದೆ ಎನ್ನುತ್ತಿದ್ದೆ. ಅದರಾಚೆಗೆ ನಾವು ಮಾತಾಡಿದ್ದು ಕಡಿಮೆ... ಬೇಕೆಂದೂ ಅನ್ನಿಸಿರಲಿಲ್ಲ.

ಕಳೆದ ಮಾಘದಲ್ಲಿ ಅವರು ತೀರಿಕೊಂಡರು. ಅಣ್ಣ ತರೀಕೆರೆಗೆ, ನಾನೀಗ ಪಾಠ ಹೇಳುವ ಊರಿಗೆ ಬಂದು ಕುದುರೆಯನ್ನು ನನ್ನ ಕೈಯಲ್ಲಿಟ್ಟ. "ಮೇಷ್ಟ್ರ ಮಗಳಿಗೆ ಕೊಡು ಅಂದಿದ್ರು" ಎಂದಷ್ಟೇ ಹೇಳಿದ. ಆಗ ಅದನ್ನು ಪೆಟ್ಟಿಗೆಗೆ ಹಾಕಿದವಳು ಮತ್ತೆ ನೋಡಿರಲಿಲ್ಲ.

ಈ ಸಲ ಗೊಂಬೆ ಕೂರಿಸಿದ ಸಂಜೆ ಅದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಇನ್ನು ಆ ಮೀಸೆಯೂ ಇಲ್ಲ, ಆ ಸಣ್ಣ ದನಿಯೂ ಇಲ್ಲ. ದೀಪ ಹಚ್ಚಿ, ಹಾಗೆಯೇ ಬಿಟ್ಟು ಮಲಗಿದೆ.

ಮರುದಿನ ಬೆಳಿಗ್ಗೆ, ಗೊಂಬೆಗಳ ಕೆಳಗೆ ನಾನೂ ರಾಗಿ ಚೆಲ್ಲಿದ್ದ ಮಣ್ಣಿಗೆ ನೀರು ಚಿಮುಕಿಸುವಾಗ ಹೊಳೆಯಿತು: ತಾತ ಹೋದದ್ದು ಯುಗಾದಿಗೆ ಮೊದಲು. ಈಗ ನಡೆಯುತ್ತಿರುವುದು ಬೇರೆ ಸಂವತ್ಸರ, ತಾತ ಹೇಳುತ್ತಿದ್ದ 'ಮುಂದಿನ ವರ್ಸ'. ಸೆರಗಿನಲ್ಲಿ ಕೈ ಒರೆಸಿಕೊಂಡು, ಸವಾರನನ್ನು ಈ ಕಡೆಗೆ ತಿರುಗಿಸಿ, ಬಯಲಿನಲ್ಲಿ ನಿಲ್ಲಿಸಿ, ಶಾಲೆಗೆ ಹೊರಟೆ.