ಅಮಾವಾಸ್ಯೆಯ ಉಬ್ಬರ

ವನಿತಾ ಅಕ್ಕೋರೇ, ಅಂದು ನೀವು ಹೇಳಿದ ಉತ್ತರ ಸರಿಯಾಗಿತ್ತು. ತಪ್ಪು ಹೇಳಿದವನು ನಾನು. ತಪ್ಪೆಂದು ನನಗೆ ಗೊತ್ತಾದದ್ದು ಇಂದು ನಿನ್ನೆಯಲ್ಲ — ಅದೇ ದಿನ ಮಧ್ಯಾಹ್ನ, ಮನೆಗೆ ಬಂದು ಊಟಕ್ಕೆ ಕೂತಾಗ. ಗೊತ್ತಾದ ಮೇಲೂ ಸುಮ್ಮನಿದ್ದೆ. ಸುಮ್ಮನಿದ್ದೆ ಎಂದರೂ ಪೂರ್ತಿ ನಿಜವಾಗುವುದಿಲ್ಲ. ನೀವು ನನ್ನನ್ನು ಹುಡುಕಿಕೊಂಡು ಅಂಕೋಲೆಯವರೆಗೆ ಬಂದಾಗ ಸುಳ್ಳನ್ನೂ ಹೇಳಿದೆ. ಆ ಸುಳ್ಳಿನ ವಿಷಯ ಕೊನೆಗೆ ಬರೆಯುತ್ತೇನೆ. ಮೊದಲೇ ಬರೆದರೆ ಉಳಿದದ್ದನ್ನು ಬರೆಯುವ ಧೈರ್ಯ ಉಳಿಯುವುದಿಲ್ಲ.

ಇದನ್ನು ಓದುವ ಬೇರೆಯವರಿಗೆ ನಾವಿಬ್ಬರೂ ಯಾರೆಂದು ಹೇಳಬೇಕಲ್ಲ. ನೀವು ಕಾರವಾರದ ಪಕ್ಕದ ಚಿತ್ತಾಕುಲದ ಅಂಗನವಾಡಿಯ ಅಕ್ಕೋರು. ನಾನು ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಮಾಸ್ತರ, ಈಗ ನಿವೃತ್ತ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಆಗ ಕಾರವಾರದ ಕೇಬಲ್ ಚಾನೆಲ್ಲಿನಲ್ಲಿ ಪ್ರತಿ ಗುರುವಾರ ಸಂಜೆ ಒಂದು ಕ್ವಿಜ್ ಬರುತ್ತಿತ್ತು. ಪ್ರಶ್ನೆ ತಯಾರಿಸುವವನೂ ನಾನೇ, ಕೇಳುವವನೂ ನಾನೇ, ಸರಿ-ತಪ್ಪು ಹೇಳುವವನೂ ನಾನೇ. ಬಸ್ಸಿನಲ್ಲಿ ಗುರುತು ಹಿಡಿದು ಜನ ಸೀಟು ಬಿಟ್ಟುಕೊಡುತ್ತಿದ್ದರು. ಅದು ನನಗೆ ಬಹಳ ಹಿತವಾಗಿತ್ತು.

ಆ ಕಾರ್ಯಕ್ರಮದ ನಿಜವಾದ ಆಕರ್ಷಣೆ ಸರಿಯುತ್ತರಗಳಲ್ಲ, ತಪ್ಪುತ್ತರಗಳು. ಎಂತೆಂಥವು! ದಿನಾ ಸಂಜೆ ಕಡಲ ದಂಡೆಯಲ್ಲಿ ಗಾಳಿ ತಿನ್ನುವ ಪದವೀಧರನೊಬ್ಬ, ಕಾರವಾರದ ಎದುರಿಗಿರುವುದು ಬಂಗಾಳ ಕೊಲ್ಲಿ ಎಂದಿದ್ದ. ಕಾಳಿ ನದಿಯ ಸೇತುವೆ ದಾಟಿ ಸ್ವಲ್ಪ ದೂರ ಹೋದರೆ ಗೋವಾ; ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಬರುವ ವ್ಯಾಪಾರಿ ಅದರ ರಾಜಧಾನಿ ಮುಂಬಯಿ ಎಂದ. ಬ್ಯಾಂಕಿನ ಅಧಿಕಾರಿಯೊಬ್ಬರು ಬರವಣಿಗೆಯ ಸುತ್ತಿನಲ್ಲಿ ಜೇಡಕ್ಕೆ ಆರು ಕಾಲು ಎಂದು ಬರೆದು, ಕೆಳಗೆ ಗೆರೆ ಬೇರೆ ಎಳೆದಿದ್ದರು. ಇವನ್ನೆಲ್ಲ ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಒಳ್ಳೊಳ್ಳೆಯವನ್ನು ಆರಿಸಿ, ಕಾರ್ಯಕ್ರಮದ ಕೊನೆಯಲ್ಲಿ ಎರಡು ನಿಮಿಷ ಮತ್ತೆ ತೋರಿಸುತ್ತಿದ್ದರು. ಅದಕ್ಕೆ ಹಿಂದಿನಿಂದ ನಗುವಿನ ಸದ್ದು ಸೇರಿಸುತ್ತಿದ್ದರು. ಆರಿಸುವ ಕೆಲಸ ನನ್ನದು — ಇದನ್ನು ದಯವಿಟ್ಟು ನೆನಪಿಡಿ.

ಇಷ್ಟು ಓದಿದವರಿಗೇ ಹೀಗೆ ಗೊತ್ತಿಲ್ಲದಿರುವುದು ಹೇಗೆ ಎಂದು ನಾನು ಸ್ಟಾಫ್ ರೂಮಿನಲ್ಲಿ ಭಾಷಣ ಬಿಗಿಯುತ್ತಿದ್ದೆ. ಊರಿಗೆಲ್ಲ ಬುದ್ಧಿ ಹೇಳುವವನು ತನ್ನ ತಲೆಯೊಳಗೆ ಯಾವ ಮೂಲೆ ಖಾಲಿಯಿದೆ ಎಂದು ತಡವಿ ನೋಡುವುದಿಲ್ಲ. ನಾನೂ ನೋಡಿರಲಿಲ್ಲ.

ಆ ಭಾನುವಾರದ ರೆಕಾರ್ಡಿಂಗಿಗೆ ನೀವು ಹಸಿರು ಸೀರೆ ಉಟ್ಟು ಬಂದಿದ್ದಿರಿ. ಕುರ್ಚಿಯ ತುದಿಯಲ್ಲಿ ಕೂತು, ಪ್ರತಿ ಪ್ರಶ್ನೆಗೂ ಮೊದಲು ಒಮ್ಮೆ ನೆಲ ನೋಡಿ ಆಮೇಲೆ ಉತ್ತರ ಹೇಳುತ್ತಿದ್ದಿರಿ. ಅಂಗನವಾಡಿಯವರಿಗೆ ಏನು ತಿಳಿದಿರುತ್ತದೆ ಎಂದುಕೊಂಡಿದ್ದ ನನಗೆ ಸ್ವಲ್ಪ ಆಶ್ಚರ್ಯವೇ ಆಯಿತು. ಕೊನೆಯ ಪ್ರಶ್ನೆಗೆ ಬರುವ ಹೊತ್ತಿಗೆ ನೀವೂ ಕಾಲೇಜಿನ ಒಬ್ಬ ವಿದ್ಯಾರ್ಥಿಯೂ ಸಮಸಮ. ಗೆದ್ದವರು ಬೆಂಗಳೂರಿನ ದೊಡ್ಡ ಚಾನೆಲ್ಲಿನ ಕ್ವಿಜ್‌ಗೆ ಹೋಗಬೇಕು. ನಿಮ್ಮ ಜೊತೆ ಬಂದಿದ್ದ ಹೆಂಗಸರು ಹಾಲಿನ ಹಿಂದಿನ ಸಾಲಿನಲ್ಲಿ ಕೈ ಹಿಡಿದುಕೊಂಡು ಕೂತಿದ್ದರು.

ತಿಂಗಳಲ್ಲಿ ಸಮುದ್ರ ಅತಿ ಹೆಚ್ಚು ಉಬ್ಬುವುದು ಯಾವಾಗ? — ಇದು ನನ್ನ ಪ್ರಶ್ನೆ. ಯಾವ ಗೈಡಿನಿಂದಲೂ ಕದ್ದದ್ದಲ್ಲ, ಸ್ವಂತ ತಲೆಯಿಂದ ತೆಗೆದದ್ದು. ನಾನು ಹುಟ್ಟಿದ್ದು ಅಗಸೂರಿನಲ್ಲಿ, ಕಡಲಿನಿಂದ ಒಳಗೆ. ಕಡಲು ನನಗೆ ಗೊತ್ತಿದ್ದದ್ದು ಹೆಚ್ಚಾಗಿ ಕಾವ್ಯದಿಂದ. ಕಾವ್ಯದಲ್ಲಿ ಕಡಲು ಉಕ್ಕುವುದು ಹುಣ್ಣಿಮೆಗೆ, ಚಂದ್ರನನ್ನು ಕಂಡು. ಇಪ್ಪತ್ತು ವರ್ಷ ಅದನ್ನೇ ರಸವತ್ತಾಗಿ ಪಾಠ ಮಾಡಿದ್ದೆ. ಅಮಾವಾಸ್ಯೆಗೂ ಉಕ್ಕುತ್ತದೆಂದು ಯಾವ ಕವಿಯೂ ನನಗೆ ಹೇಳಿರಲಿಲ್ಲ, ನಾನೂ ಹೋಗಿ ನೋಡಿರಲಿಲ್ಲ.

ಕಾಲೇಜಿನ ಹುಡುಗ "ಹುಣ್ಣಿಮೆ" ಎಂದ. ನೀವು ನೆಲ ನೋಡಿದಿರಿ. "ಹುಣ್ಣಿಮೆಗೂ ಅದೆ, ಅಮಾಸೆಗೂ ಅದೆ. ಎರಡೂ ದಿನ, ಸರ್" ಎಂದಿರಿ.

"ಒಂದೇ ಹೇಳ್ಬೇಕು ಅಕ್ಕೋರೇ."

"ಒಂದೇ ಹೇಳಿದ್ರೆ ತಪ್ಪಾತದೆ, ಸರ್."

ಹಾಲಿನಲ್ಲಿ ಯಾರೋ ಕಿಸಕ್ಕೆಂದರು. ನನಗೆ ಆ ಸದ್ದು ಸಾಕಿತ್ತು — ಜನ ನಗಲು ಸಿದ್ಧರಾಗಿದ್ದಾರೆಂದರೆ ನಾನು ತಡೆದುಕೊಳ್ಳುವವನಲ್ಲ. "ಅಮಾವಾಸ್ಯೆಗೆ ಚಂದ್ರನೇ ಇರೂದಿಲ್ಲ. ಇಲ್ಲದವ ನೀರು ಎಳೆಯೂದು ಹೇಗೆ? ಹಗ್ಗ ಕೊಟ್ಟು ಹೋಗಿರ್ತಾನಾ?" ಎಂದೆ. ಹಾಲ್ ಬಿದ್ದು ಬಿದ್ದು ನಕ್ಕಿತು. ನೀವು ಮಾತ್ರ ನಗುವುದು ನಿಲ್ಲುವವರೆಗೆ ಕಾದು, ಮೆಲ್ಲಗೆ, "ನಾ ಕಂಡದ್ದು, ಸರ್" ಎಂದಿರಿ.

ಅದಕ್ಕೆ ನಾನು ಕೊಟ್ಟ ಉತ್ತರ — ಅಕ್ಷರಕ್ಕೆ ಅಕ್ಷರ ನೆನಪಿದೆ. "ನೀವು ಕಂಡದ್ದು ಬೇರೆ, ಪುಸ್ತಕದಲ್ಲಿ ಇದ್ದದ್ದು ಬೇರೆ."

ಹಾಗೆ ನಿಮಗೆ ಸೊನ್ನೆ ಕೊಟ್ಟೆ. ಹುಡುಗ ಗೆದ್ದ. ನೀವು ಎದ್ದು ನಿಂತು ಅವನಿಗೆ ಚಪ್ಪಾಳೆ ತಟ್ಟಿದಿರಿ.

ಮಧ್ಯಾಹ್ನ ಮನೆಗೆ ಬಂದು ಈ ಕತೆಯನ್ನು ನನ್ನ ಹೆಂಡತಿಗೆ ಹೇಳಿ ನಗಿಸಲು ನೋಡಿದೆ. ಅವಳ ತವರು ಕಡಲಂಚಿನ ಭಾವಿಕೇರಿ. ಬಡಿಸುತ್ತಿದ್ದ ಸೌಟು ಹಾಗೇ ಹಿಡಿದು ನನ್ನ ಮುಖ ನೋಡಿದಳು. "ಅವ್ಳು ಹೇಳದ್ದು ಖರೆ ಅಲ್ರಾ? ಅಮಾಸೆ, ಹುಣ್ಣಿಮೆ ಬಂತು ಅಂದ್ರೆ ನಮ್ಮಪ್ಪ ಗಜನಿ ಗದ್ದೆ ಕಟ್ಟ ನೋಡುಕೆ ಓಡ್ತಿದ್ದ. ಎರಡೂ ದಿನ ಉಪ್ಪುನೀರು ಗದ್ದೆಗೆ ನುಗ್ತದೆ. ನಿಮ್ಗೆ ಗೊತ್ತಿಲ್ವಾ?" ಎಂದಳು.

ನಿಮ್ಗೆ ಗೊತ್ತಿಲ್ವಾ — ಇದೇ ಮಾತನ್ನು ನಾನು ಕ್ಯಾಮೆರಾದ ಮುಂದೆ ಎಷ್ಟು ಜನರಿಗೆ ಹೇಳಿದ್ದೆನೋ. ಸೋಮವಾರ ಸ್ಟಾಫ್ ರೂಮಿನಲ್ಲಿ, ಯಾರೂ ಇಲ್ಲದಾಗ, ಭೂಗೋಳದ ಮಾಸ್ತರರ ಮೇಜಿನಿಂದ ಎಂಟನೆಯ ತರಗತಿಯ ಪಾಠಪುಸ್ತಕ ತೆಗೆದು ನೋಡಿದೆ. ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿನಲ್ಲಿ ಬರುವ ಎರಡೂ ದಿನ ಉಬ್ಬರ ಹೆಚ್ಚು. ಚಿತ್ರ ಸಮೇತ ಇತ್ತು. ಚಂದ್ರ ಕಾಣದಿದ್ದರೂ ಇರುತ್ತಾನೆ. ನಮ್ಮ ಶಾಲೆಯ ಹದಿಮೂರು ವರ್ಷದ ಮಕ್ಕಳಿಗೆಲ್ಲ ಗೊತ್ತಿದ್ದ ಸಂಗತಿ. ಪುಸ್ತಕವನ್ನು ಇದ್ದಲ್ಲೇ ಇಟ್ಟು ಕ್ಲಾಸಿಗೆ ಹೋದೆ.

ಪ್ರಸಾರಕ್ಕೆ ಇನ್ನೂ ಮೂರು ದಿನ ಬಾಕಿಯಿತ್ತು. ಕೇಬಲ್ ಮಾಲೀಕರಿಗೆ ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ಸಂಜೆ ಹೆಂಡತಿಯ ಎದುರಿಗೇ ರಿಸೀವರ್ ಎತ್ತಿದೆ, ಬೇಕೆಂದೇ ಒಂದು ಅಂಕಿ ಕಡಿಮೆ ಒತ್ತಿದೆ, "ಎಂಗೇಜ್ ಬರ್ತಿದೆ" ಎಂದೆ. ಅವಳು ಫೋನಿನ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ನನಗೆ ನಿಮ್ಮ ಮೇಲೆ ದ್ವೇಷವೇನೂ ಇರಲಿಲ್ಲ. ಭಯವಿತ್ತು — ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವವರು ನಾಳೆ ನಗುತ್ತಾರೆಂಬ ಭಯ. ಇಷ್ಟು ಸಣ್ಣ ಕಾರಣಕ್ಕೆ... ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಗುರುವಾರ ಪ್ರಸಾರವಾಯಿತು. ಮುಂದಿನ ವಾರ ಮಾಲೀಕರು, "ಆ ಅಮಾಸೆದು ಭಾರೀ ಆಗದೆ ಮಾಸ್ತರ್ರೇ, ಕೊನೇಲಿ ಹಾಕುವಾ" ಎಂದರು. ನೋಟ್‌ಬುಕ್ಕಿನಲ್ಲಿ ಅದಕ್ಕೆ ಟಿಕ್ ಹಾಕಿದವನು ನಾನೇ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರಲ್ಲ? ಹೀಗೆ ನಿಮ್ಮ "ನಾ ಕಂಡದ್ದು, ಸರ್" ಎಂಬ ಮಾತು, ಜೇಡದ ಆರು ಕಾಲು ಮತ್ತು ಬಂಗಾಳ ಕೊಲ್ಲಿಯ ಜೊತೆ, ನಗುವಿನ ಸದ್ದು ಹಾಕಿಸಿಕೊಂಡು ವಾರ ವಾರ ಕಾರವಾರದ ಮನೆಮನೆಗೆ ಹೋಯಿತು. ನಿಮ್ಮನ್ನು ಪೇಟೆಯಲ್ಲಿ ಕಂಡರೆ "ಇವತ್ತು ಚಂದ್ರ ಅದಾನಾ ಅಕ್ಕೋರೇ" ಎಂದು ಕೂಗುತ್ತಾರೆಂದು ನನಗೆ ಸುದ್ದಿ ಬಂತು. ಆದರೂ ಟಿಕ್ ಅಳಿಸಲಿಲ್ಲ.

ನೀವು ನಮ್ಮ ಶಾಲೆಗೆ ಬಂದದ್ದು ಆಮೇಲೆ ಎರಡು ತಿಂಗಳಿಗೆ. ಜಗಲಿಯಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದಿರಿ. ಜಗಳಕ್ಕೆ ಬಂದಿದ್ದಾರೆಂದು ನಾನು ಎರಡು ಮೂರು ಉತ್ತರ ಸಿದ್ಧಮಾಡಿಕೊಂಡೇ ಹೊರಗೆ ಬಂದೆ. ನೀವು ಜಗಳ ಆಡಲಿಲ್ಲ. ಆ ತುಣುಕು ತೆಗೆಯಿರಿ ಎಂದೂ ಕೇಳಲಿಲ್ಲ. ಚೀಲದಿಂದ ಒಂದು ಚೀಟಿ, ಪೆನ್ನು ತೆಗೆದಿರಿ.

"ಸರ್, ನೀವು ಪುಸ್ತಕದಾಗೆ ಅದೆ ಅಂದ್ರಿ. ಅದರ ಹೆಸ್ರು ಹೇಳ್ತ್ರಾ? ಓದ್ಕಂಡು ಮಕ್ಕಳಿಗೆ ಸರಿ ಹೇಳ್ಬೇಕಲ್ಲ. ಚಿಪ್ಪಿ ಹೆಕ್ಕುಕೆ ಸಣ್ಣಿಂದ ಹೋಗ್ತಿದ್ದೆ, ನಾ ಕಂಡದ್ದೇ ಸರಿ ಅಂದ್ಕಂಡಿದ್ದೆ."

ಅಕ್ಕೋರೇ, ಆಗಲೂ ಹೊತ್ತು ಮೀರಿರಲಿಲ್ಲ. ಸರಿಯುತ್ತರವಿದ್ದ ಪಾಠಪುಸ್ತಕ ನನ್ನ ಹಿಂದಿನ ಕೋಣೆಯಲ್ಲಿ, ಹತ್ತು ಹೆಜ್ಜೆ ದೂರದಲ್ಲಿತ್ತು. ಒಳಗೆ ಹೋಗಿ ತಂದು ನಿಮ್ಮ ಕೈಗೆ ಕೊಟ್ಟು — ಆದರೆ ನಾನು ಹೇಳಿದ್ದು, "ಅದು ಹಳೇ ಪುಸ್ತಕ. ಈಗ ಎಲ್ಲೂ ಸಿಗೂದಿಲ್ಲ." ನೀವು ಚೀಟಿ ಮಡಚಿ ಚೀಲಕ್ಕೆ ಹಾಕಿದಿರಿ. ತೊಂದರೆ ಕೊಟ್ಟೆ ಎಂದಿರಿ. ಕಾರವಾರದ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಿರಿ. ಅದನ್ನು ಮಾತ್ರ ಸರಿಯಾಗಿ ಹೇಳಿದೆ.

ಕ್ವಿಜ್ ಮುಂದಿನ ವರ್ಷ ತಾನಾಗಿ ನಿಂತಿತು. ಅದರ ಜೊತೆಗೆ ಇದೂ ಮುಗಿಯಿತೆಂದು ನಾನು ಅಂದುಕೊಂಡೆ. ಆಮೇಲೆ ಚುನಾವಣೆ ಡ್ಯೂಟಿಯ ಮೇಲೆ ನಿಮ್ಮೂರಿಗೆ ಬರಬೇಕಾಯಿತು. ನಮಗೆ ಕೊಟ್ಟ ಕೋಣೆ ನಿಮ್ಮ ಅಂಗನವಾಡಿ. ನೀವು ಇರಲಿಲ್ಲ, ಕೀಲಿ ತಂದು ಬಾಗಿಲು ತೆಗೆದವರು ನಿಮ್ಮ ಸಹಾಯಕಿ. ಮತಪೆಟ್ಟಿಗೆಯ ಕಾಲ ಮುಗಿದು ಯಂತ್ರ ಬಂದಿತ್ತು. ಅದನ್ನಿಡಲು ಜಾಗ ನೋಡುತ್ತಾ ಗೋಡೆಯ ಕಡೆ ತಿರುಗಿದೆ. ಹಣ್ಣು, ತರಕಾರಿ, ಪ್ರಾಣಿಗಳ ನಡುವೆ ಕೈಯಿಂದ ಬರೆದ ಒಂದು ಚಾರ್ಟು. ಎಡಗಡೆ ತುಂಬು ಚಂದ್ರ, ಕೆಳಗೆ ನೀಲಿ ಕ್ರೇಯಾನಿನ ಎತ್ತರದ ಅಲೆಗಳು: ಹುಣ್ಣಿಮೆ — ಸಮುದ್ರ ದೊಡ್ಡದು. ಬಲಗಡೆ ಕಪ್ಪು ವೃತ್ತ, ಕೆಳಗೆ ಒಂದೇ ಒಂದು ನೀಲಿ ಗೆರೆ: ಅಮಾವಾಸ್ಯೆ — ಸಮುದ್ರ ಸಣ್ಣದು. ಅಕ್ಷರಗಳು ದುಂಡಗೆ, ಅಂದವಾಗಿದ್ದವು.

ನಾನು ನೋಡುತ್ತಿದ್ದುದನ್ನು ಕಂಡು, ನನ್ನ ಗುರುತು ಹಿಡಿಯದ ಸಹಾಯಕಿ, "ಅದು ನಮ್ಮ ಅಕ್ಕೋರು ಬರ್ದದ್ದು, ಸರ್. ಟೀವಿಯಾಗೆ ತಪ್ಪು ಹೇಳಿ ಬಂದ್ರಲ್ಲ, ಮಕ್ಕಳು ಹಂಗೆ ತಪ್ಪು ಕಲೀಬಾರ್ದು ಅಂತ" ಎಂದರು. ಆಮೇಲೆ ಕಸ ಗುಡಿಸುತ್ತಾ, "ನಮ್ಗೆಂತಾ ಗೊತ್ತು. ಜಾಸ್ತಿ ಉಬ್ಬಿದ ದಿನವೇ ನೀರು ಜಾಸ್ತಿ ಇಳೀತದೆ, ನಾವು ಚಿಪ್ಪಿ ಹೆಕ್ಕುಕೆ ಎರಡೂ ದಿನ ಹೋಗೂದೇ" ಎಂದು ಸೇರಿಸಿದರು.

ಕಾಳಿ ನದಿ ಕಡಲು ಸೇರುವ ಊರು ನಿಮ್ಮದು. ಅಲ್ಲಿನ ಮಕ್ಕಳಿಗೆ ಅವರ ಬಾಗಿಲಿನ ಮುಂದಿನ ನೀರನ್ನೇ ತಪ್ಪಾಗಿ ಕಲಿಸಲು ನಿಮ್ಮ ಕೈಯನ್ನೇ ಬಳಸಿಕೊಂಡೆ. ನಿಮಗೆ ತಪ್ಪಿದ ಬೆಂಗಳೂರಿನ ಅವಕಾಶಕ್ಕಿಂತ, ಪೇಟೆಯ ಗೇಲಿಗಿಂತ ಇದು ನನಗೆ ಹೆಚ್ಚು ನಾಚಿಕೆ ತಂದ ಸಂಗತಿ. ನಿಮಗೆ ಗೊತ್ತಿದ್ದದ್ದನ್ನು ನಿಮ್ಮಿಂದ ಕಸಿದುಕೊಂಡೆ, ಬದಲಿಗೆ ನನಗೆ ಗೊತ್ತಿಲ್ಲದ್ದನ್ನು ಕೊಟ್ಟೆ. ಆ ಚಾರ್ಟಿನ ಕೆಳಗೇ ಎರಡು ದಿನ ಕಳೆದು, ಮತದಾನದ ದಿನ ಜನರ ಬೆರಳಿಗೆ ಶಾಯಿ ಹಚ್ಚಿಸಿ ವಾಪಸು ಬಂದೆ. ಅಂದು ಒಂದು ಸಾಲು ಬರೆದಿಟ್ಟು ಬರಬಹುದಿತ್ತು. ಬರೆಯಲಿಲ್ಲ.

ಈಗ ಯಾಕೆ ಬರೆಯುತ್ತಿದ್ದೇನೆ? ಹೋದ ತಿಂಗಳು ಟೀವಿಯಲ್ಲಿ ಯಾವುದೋ ಕ್ವಿಜ್ ಬರುತ್ತಿತ್ತು. ಇಂಜಿನಿಯರ್ ಒಬ್ಬ ಸೂರ್ಯ ಒಂದು ಗ್ರಹ ಎಂದ. ನಾನು ಹಳೆಯ ಚಾಳಿಯಂತೆ ಜೋರಾಗಿ ನಕ್ಕೆ. ನನ್ನ ಹೆಂಡತಿ ರಿಮೋಟ್ ತೆಗೆದುಕೊಂಡು ಟೀವಿ ಆರಿಸಿದಳು. "ನೀವೊಬ್ರು ನಗೂದು ಬ್ಯಾಡ" ಎಂದಳು. ಇಷ್ಟು ವರ್ಷ ಆಡದೆ ಇಟ್ಟುಕೊಂಡಿದ್ದ ಮಾತು. ಅವಳು ಅದನ್ನು ಸಿಟ್ಟಿನಿಂದ ಹೇಳಿದ್ದರೆ ನಾನೂ ಒಂದು ಉತ್ತರ ಕೊಡುತ್ತಿದ್ದೆ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು "ಹೋಗ್ಲಿ ಬಿಡಿ ಸರ್" ಎನ್ನುತ್ತೀರಿ, ಆ ಉಪಕಾರವನ್ನು ಪಡೆಯುವ ಹಕ್ಕು ನನಗಿಲ್ಲ. ಬರುವ ಅಮಾವಾಸ್ಯೆಯ ದಿನ ಚಿತ್ತಾಕುಲಕ್ಕೆ ಬರುತ್ತೇನೆ. ಸಂಜೆ ನೀರು ಇಳಿದು ನಿಮ್ಮೂರಿನ ಹೆಂಗಸರು ಚಿಪ್ಪಿ ಹೆಕ್ಕಲು ಸೇರಿದಾಗ, ಅವರೆಲ್ಲರ ಎದುರಿಗೆ, ಇಲ್ಲಿ ಬರೆದದ್ದನ್ನು ಬಾಯಿಬಿಟ್ಟು ಹೇಳುತ್ತೇನೆ. ನಗುವವರು ನಗಲಿ. ಆ ಚಾರ್ಟು ಇನ್ನೂ ಗೋಡೆಯ ಮೇಲಿದ್ದರೆ, ಬಲಗಡೆಯ ಅಲೆಗಳನ್ನು ಎತ್ತರ ಮಾಡಲು ಒಂದು ನೀಲಿ ಕ್ರೇಯಾನನ್ನೂ ತರುತ್ತೇನೆ.

ಆದರೆ ಅದಕ್ಕೂ ಮೊದಲು, ಜಗಲಿಯಲ್ಲಿ ಚೀಟಿ ಹಿಡಿದು ನಿಂತು ನೀವು ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕು. ಪುಸ್ತಕದ ಹೆಸರು ಕೇಳಿದ್ದಿರಿ. ಅಂಥ ಪುಸ್ತಕ ಇಲ್ಲ, ಅಕ್ಕೋರೇ. ಯಾವತ್ತೂ ಇರಲಿಲ್ಲ.